ಹುಸಿಚಿಕಿತ್ಸೆಯ ಧರ್ಮಾಧರ್ಮ ವಿಚಾರ

ವೈದ್ಯನೊಬ್ಬನು ರೋಗಿಯ ಕಣ್ಣಿನ ರೆಪ್ಪೆಗೆ ಅರಿವಳಿಕೆಯ ಮದ್ದನ್ನು ಹಚ್ಚುತ್ತಾನೆ. ಕೂದಲಿನಂತಹ ತಂತಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಅದನ್ನು ರೆಪ್ಪೆಯ ಅಂಚಿಗೆ ತಾಗಿಸಿ, ಒಳಕ್ಕೆ ತೂರಿಸದೆಯೇ, ತೂರಿಸಿದಂತೆ ತೋರಿಸಿ ಕೆಲಸವನ್ನು ಮುಗಿಸುತ್ತಾನೆ. ರೋಗಿಯು ತನಗೆ ಚಿಕಿತ್ಸೆಯಾಯಿತೋ ಇಲ್ಲವೋ ಎಂಬುದನ್ನರಿಯದೆ ಮನೆಗೆ ಹಿಂದಿರುಗುತ್ತಾನೆ. ಇಂತಹ ನಡತೆಗೆ ಧರ್ಮದಲ್ಲಿ ಎಡೆಯುಂಟೆ? ನಮ್ಮ ಸಂಘದ ಸದಸ್ಯರೂ ನಿವೃತ್ತ ವಕೀಲರೂ ಆದ ಮಿತ್ರರೊಬ್ಬರು ಈ ಪ್ರಶ್ನೆಯನ್ನೆತ್ತಿ, ಉತ್ತರವನ್ನೂ ತಾವೇ ಕೊಟ್ಟುಬಿಟ್ಟರು: ಇದು ಕಪಟ, ಇದಕ್ಕೆ ಬೇರೆ ಹೆಸರಿಲ್ಲ ಎಂದು. ಅಷ್ಟು ಬೇಗ ತೀರ್ಪು ಕೊಡತಕ್ಕ ವಿಷಯ ಇದಲ್ಲವೆಂದು ನನ್ನ ಭಾವನೆ. ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳದೆ ಸಿದ್ಧಾಂತ ಹೇಳಬಾರದೆಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದರು. ಆ ಕ್ರಮದಲ್ಲಿಯೇ ವಿಚಾರಿಸೋಣ.

ಮೊದಲು ರೋಗದ ಸ್ವರೂಪ. ನಮ್ಮ ರೆಪ್ಪೆಗಳ ಒಳಗೆ, ಅಂಚಿಗೆ ನೇರವಾಗಿ, ಒಂದರ ಪಕ್ಕದಲ್ಲೊಂದರಂತೆ ಎಣ್ಣೆಯ ಗ್ರಂಥಿಗಳು ಸಾಲಾಗಿ ನಿಂತಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು ೨೫ರಿಂದ ೪೦, ಕೆಳಗಿನದರಲ್ಲಿ ೨೦ರಿಂದ ೩೦. ೧೬೬೬ರಲ್ಲಿ ಇವನ್ನು ವಿವರವಾಗಿ ವರ್ಣಿಸಿದ ಜರ್ಮನ್ ವೈದ್ಯ ಹೈನ್‌ರಿಖ್ ಮೈಬೋಮನ ಹೆಸರಿನಿಂದ ಇವುಗಳಿಗೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರಾಗಿದೆ. ನಾವು ರೆಪ್ಪೆ ಮಿಟುಕಿಸಿದಾಗಲೆಲ್ಲ ಇವುಗಳಿಂದ ಸ್ವಲ್ಪ ಎಣ್ಣೆ ಒಸರಿ ಕಣ್ಣೀರಿನ ಮೇಲೆ ತೆಳುವಾದ ಪೊರೆಯಾಗಿ ಹರಡುವುದು. ಆ ಪೊರೆ ಇರುವುದರಿಂದ ಕಣ್ಣೀರು ಬೇಗನೆ ಆವಿಯಾಗಿ ಹೋಗದು. ಎಣ್ಣೆಯು ಮಂದವಾಗಿ, ಚಳಿಗಾಲದ ತುಪ್ಪದಂತೆ ಗಟ್ಟಿಕಟ್ಟಿ, ಗ್ರಂಥಿಯ ಬಾಯಿ ಮುಚ್ಚಿಕೊಂಡರೆ ಕಣ್ಣು ಉರಿಯುವುದು, ಮರಳು ಬಿದ್ದಂತೆ ಕರಕರವೆನ್ನುವುದು, ಓದುವಾಗ ಅಕ್ಷರ ಮಸುಕಾಗಿ ಮತ್ತೆ ತಿಳಿಯಾಗುವುದು. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಸಂಜೆ ದೀಪ ಹಚ್ಚಿದ ಮೇಲೆ ಪುಸ್ತಕ ಹಿಡಿಯುವ ಸುಖವನ್ನು ಇದು ಕಿತ್ತುಕೊಳ್ಳುತ್ತದೆ. ನನಗೂ ಕೆಲವು ವರ್ಷಗಳಿಂದ ಈ ಬೇನೆ ಉಂಟಾದುದರಿಂದ ಇದನ್ನು ಅಲ್ಪವೆಂದು ಹೇಳಲು ನಾಲಗೆ ಬಾರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ರೆಪ್ಪೆಯನ್ನು ಮೆಲ್ಲನೆ ತೀಡುವುದು, ಅಂಚನ್ನು ತೊಳೆಯುವುದು, ಕೃತಕ ಕಣ್ಣೀರಿನ ಹನಿ, ಕೆಲವರಿಗೆ ಡಾಕ್ಸಿಸೈಕ್ಲಿನ್ ಗುಳಿಗೆ: ಇವು ಸಾಮಾನ್ಯೋಪಚಾರಗಳು. ಬಹುಮಂದಿಗೆ ಇಷ್ಟರಿಂದಲೇ ತಕ್ಕಮಟ್ಟಿಗೆ ನೆಮ್ಮದಿಯಾಗುವುದು. ಕೆಲವರಿಗೆ ಏನು ಮಾಡಿದರೂ ಜಗ್ಗದು.

ಈ ಜಗ್ಗದವರಿಗಾಗಿ ಅಮೆರಿಕದ ಫ್ಲಾರಿಡಾ ಪ್ರಾಂತದ ನೇತ್ರವೈದ್ಯ ಸ್ಟೀವನ್ ಮಾಸ್ಕಿನ್ ಎಂಬವರು ಒಂದು ಉಪಾಯವನ್ನು ಹೂಡಿ ೨೦೧೦ರಲ್ಲಿ ಪ್ರಕಟಿಸಿದರು. ಸ್ಟೀಲಿನ ಅತಿಸೂಕ್ಷ್ಮವಾದ ತಂತಿಯನ್ನು ಪ್ರತಿಯೊಂದು ಗ್ರಂಥಿಯ ಬಾಯಿಯ ಮೂಲಕ ಕೆಲವು ಮಿಲಿಮೀಟರುಗಳಷ್ಟು ಒಳಕ್ಕಿಳಿಸಿ, ಮುಚ್ಚಿದ ದಾರಿಯನ್ನು ಬಿಡಿಸುವುದು. ತಂತಿಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಕಡಮೆ. ಸುಶ್ರುತಸಂಹಿತೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆಂದು ತೋರದು. ಶಸ್ತ್ರಕರ್ಮಗಳು ಎಂಟು ಎಂದು ಎಣಿಸಿದ ಆ ಆಚಾರ್ಯನು ಛೇದನ, ಭೇದನ, ಲೇಖನಗಳ ಜೊತೆಗೆ ಏಷಣವನ್ನೂ, ಎಂದರೆ ಶಲಾಕೆಯಿಂದ ದಾರಿಯನ್ನು ಅರಸುವುದನ್ನೂ, ಸೇರಿಸಿದ್ದಾನೆ. ಉತ್ತರತಂತ್ರದಲ್ಲಿ ರೆಪ್ಪೆಯ ರೋಗಗಳನ್ನೇ ಇಪ್ಪತ್ತೊಂದಾಗಿ ವಿಂಗಡಿಸಿದ್ದಾನೆ. ಶಿಷ್ಯನು ಮನುಷ್ಯನ ಮೈಯಲ್ಲಿ ಏಷಣ ಮಾಡುವುದಕ್ಕೆ ಮುಂಚೆ ಹುಳು ಕೊರೆದ ಮರದಲ್ಲಿ, ಬಿದಿರಿನಲ್ಲಿ, ಒಣಗಿದ ಸೋರೆಬುರುಡೆಯ ಬಾಯಲ್ಲಿ ಕೈ ಪಳಗಿಸಿಕೊಳ್ಳಬೇಕೆಂಬುದು ಅವನ ವಿಧಿ. ಆದರೆ ಇದರಿಂದ ಮಾಸ್ಕಿನ್ ಹೇಳಿದ್ದೆಲ್ಲ ನಮ್ಮಲ್ಲಿ ಮೊದಲೇ ಇದ್ದಿತೆಂದು ಬೀಗುವ ಪಂಥಕ್ಕೆ ನಾನು ಸೇರಿದವನಲ್ಲ. ಕರ್ಮದ ಜಾತಿ ಒಂದೇ. ಗ್ರಂಥಿಗಳ ತಿಳಿವಳಿಕೆಯೂ ತಂತಿಯೂ ಹೊಸವು. ಮುಂದೆ ಇದನ್ನು ಏಷಣವೆಂದೇ ಕರೆಯುತ್ತೇನೆ.

ಮೊದಲ ವರದಿಯಲ್ಲಿ ಇಪ್ಪತ್ತೈದು ಮಂದಿ ರೋಗಿಗಳಿದ್ದರು. ಏಷಣವಾದ ಕೂಡಲೇ ಇಪ್ಪತ್ತನಾಲ್ವರಿಗೆ ಉಪಶಮನವಾಯಿತು. ನಾಲ್ಕು ವಾರಗಳೊಳಗೆ ಇಪ್ಪತ್ತೈದು ಮಂದಿಗೂ ಆಯಿತು. ಇದನ್ನು ಕೇಳಿದ ಯಾವ ರೋಗಿಗೆ ತಾನೆ ಆಸೆ ಹುಟ್ಟದು? ನೂರಕ್ಕೆ ನೂರು! ಇನ್ನು ಪರೀಕ್ಷೆ ಏತಕ್ಕೆ, ಎಲ್ಲರಿಗೂ ಮಾಡಿಬಿಡಿ ಎನ್ನಬಹುದು. ಇಲ್ಲಿಯೇ ತರ್ಕಶಾಸ್ತ್ರವು ನಮ್ಮ ತೋಳನ್ನು ಹಿಡಿದು ನಿಲ್ಲಿಸುವುದು. ಒಂದು ವಸ್ತುವಿದ್ದಾಗ ಫಲವಿತ್ತು ಎಂಬುದು ಅನ್ವಯ. ಅದಿಲ್ಲದಾಗ ಫಲವೂ ಇರಲಿಲ್ಲವೆಂಬುದು ವ್ಯತಿರೇಕ. ಎರಡೂ ಕೂಡಿದಲ್ಲದೆ ಕಾರಣತ್ವವು ಸಿದ್ಧಿಸದು. ಇಪ್ಪತ್ತೈದು ಮಂದಿಯಲ್ಲಿ ಅನ್ವಯ ಕಂಡಿತು. ವ್ಯತಿರೇಕವನ್ನು ನೋಡಿದವರು ಯಾರು? ಕುಂಬಾರನ ಕತ್ತೆಯು ಮಣ್ಣು ಹೊತ್ತು ತಂದಿತು, ಮಡಕೆಗೆ ಮುಂಚೆ ಅದು ಅಲ್ಲಿ ಇದ್ದಿತು. ಆದರೂ ಅದನ್ನು ಮಡಕೆಗೆ ಕಾರಣವೆಂದು ನೈಯಾಯಿಕರು ಒಪ್ಪಲಿಲ್ಲ, ಅನ್ಯಥಾಸಿದ್ಧವೆಂದು ಬದಿಗಿಟ್ಟರು. ರೆಪ್ಪೆಯ ವಿಷಯದಲ್ಲಿ ಇಂತಹ ಕತ್ತೆಗಳು ಒಂದಲ್ಲ, ಹಲವು. ಅರಿವಳಿಕೆಯ ಮದ್ದು ಉಂಟು. ಏಷಣದ ಅನಂತರ ಕೊಡುವ ಮುಲಾಮು ಉಂಟು. ರೋಗಿಯು ಮನೆಯಲ್ಲಿ ಹೆಚ್ಚು ಶ್ರದ್ಧೆಯಿಂದ ಮಾಡತೊಡಗುವ ಶಾಖವುಂಟು. ಎಲ್ಲಕ್ಕಿಂತ ದೊಡ್ಡದು, ಈ ಬೇನೆಗೆ ಏರಿಳಿತವೇ ಸ್ವಭಾವವೆಂಬುದು. ಮನುಷ್ಯನು ವೈದ್ಯನ ಬಾಗಿಲಿಗೆ ಹೋಗುವುದು ಬೇನೆ ಏರಿದಾಗ. ಏರಿದ್ದು ತಾನಾಗಿಯೇ ಸ್ವಲ್ಪ ಇಳಿಯುವುದು ಸಹಜ. ಇಳಿದದ್ದರ ಕೀರ್ತಿ ವೈದ್ಯನಿಗೆ. ಇದಲ್ಲದೆ ಉರಿ ಕಡಮೆಯಾಯಿತೋ ಇಲ್ಲವೋ ಎಂಬುದಕ್ಕೆ ರೋಗಿಯ ಬಾಯಿಮಾತೇ ಮುಖ್ಯ ಸಾಕ್ಷಿ. ಹನ್ನೆರಡು ಪ್ರಶ್ನೆಗಳ ಪಟ್ಟಿಯೊಂದನ್ನು ಮುಂದಿಟ್ಟು ಸೊನ್ನೆಯಿಂದ ನೂರರವರೆಗೆ ಅಂಕ ಹಾಕುವ ಪದ್ಧತಿಯೂ ಇದೆ, ಅಂಕವಾದರೂ ಬಾಯಿಮಾತಿನದೇ. ಕಣ್ಣೀರಿನ ಪೊರೆ ಎಷ್ಟು ಸೆಕೆಂಡು ಒಡೆಯದೆ ನಿಲ್ಲುವುದೆಂದು ವೈದ್ಯರು ಅಳೆಯುತ್ತಾರೆ. ಆ ಅಳತೆಗೂ ರೋಗಿಯ ಉರಿಗೂ ಹಲವು ವೇಳೆ ತಾಳೆ ಬೀಳದು. ತನ್ನ ಮೇಲೆ ಇಷ್ಟು ನಾಜೂಕಿನ ಕೆಲಸವನ್ನು ಮಾಡಿದ ವೈದ್ಯನು ಮುಖ ನೋಡಿ "ಹೇಗಿದೆ?" ಎಂದು ಕೇಳಿದಾಗ, "ಏನೂ ಗುಣವಿಲ್ಲ" ಎಂದು ಹೇಳುವ ನಿಷ್ಠುರತೆ ನಮ್ಮಲ್ಲಿ ಎಷ್ಟು ಮಂದಿಗಿದೆ?

ಆದುದರಿಂದ ವ್ಯತಿರೇಕವನ್ನು ನೋಡಲೇಬೇಕು. ಎಲ್ಲವೂ ಒಂದೇ ಆಗಿದ್ದು, ತಂತಿ ಒಳಗೆ ಹೋಗುವುದೊಂದು ಮಾತ್ರ ಇಲ್ಲದ ರೋಗಿಗಳು ಬೇಕು. ಹುಸಿಚಿಕಿತ್ಸೆಯ ಹುಟ್ಟು ಇದೇ.

ಇದು ನಿನ್ನೆ ಮೊನ್ನೆಯ ಉಪಾಯವಲ್ಲ. ಪರ್ಕಿನ್ಸ್ ಎಂಬ ಅಮೆರಿಕದವನು ೧೭೯೬ರಲ್ಲಿ ಎರಡು ಲೋಹದ ಕಡ್ಡಿಗಳಿಗೆ ಸರ್ಕಾರದ ಹಕ್ಕುಪತ್ರ ಪಡೆದು, ನೋವಿನ ಮೇಲೆ ಅವನ್ನು ಎಳೆದರೆ ನೋವು ಹೋಗುವುದೆಂದು ಸಾರಿದನು. ಕಡ್ಡಿಗಳು ಇಂಗ್ಲೆಂಡಿನಲ್ಲಿಯೂ ದುಬಾರಿ ಬೆಲೆಗೆ ಮಾರಿದವು. ೧೭೯೯ರಲ್ಲಿ ಬಾತ್ ಪಟ್ಟಣದ ಜಾನ್ ಹೇಗಾರ್ತ್ ಎಂಬ ವೈದ್ಯನು ಮರದ ಕಡ್ಡಿಗಳಿಗೆ ಲೋಹದ ಬಣ್ಣ ಬಳಿದು ಐವರು ರೋಗಿಗಳ ಮೇಲೆ ಎಳೆದನು. ನಾಲ್ವರು ನೋವು ಇಳಿಯಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿಗಳನ್ನು ಎಳೆದಾಗ ಕಂಡದ್ದೂ ಹೆಚ್ಚು ಕಡಮೆ ಅದೇ. ಇನ್ನೂ ಗಂಭೀರವಾದ ನಿದರ್ಶನವು ಹೃದಯಕ್ಕೆ ಸಂಬಂಧಿಸಿದ್ದು. ಎದೆನೋವಿಗಾಗಿ ಎದೆಯೊಳಗಿನ ಒಂದು ಧಮನಿಯನ್ನು ಕಟ್ಟುವ ಶಸ್ತ್ರಕ್ರಿಯೆ ಇಟಲಿಯಲ್ಲಿ ೧೯೩೯ರಲ್ಲಿ ಹುಟ್ಟಿ, ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಹೊಗಳಿಕೆಯನ್ನು ಪಡೆಯಿತು. ಸಿಯಾಟಲ್ ನಗರದ ಲಿಯೊನಾರ್ಡ್ ಕಾಬ್ ಮೊದಲಾದವರು ೧೯೫೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹದಿನೇಳು ಮಂದಿಯ ಪೈಕಿ ಎಂಟು ಮಂದಿಗೆ ಧಮನಿಯನ್ನು ಕಟ್ಟಿ, ಒಂಬತ್ತು ಮಂದಿಗೆ ಚರ್ಮವನ್ನು ಕೊಯ್ದು ಹೊಲಿದು ಬಿಟ್ಟರು. ಎರಡು ಗುಂಪಿನವರಿಗೂ ಒಂದೇ ಬಗೆಯ ಸುಖ ತೋರಿತು. ಶಸ್ತ್ರಕ್ರಿಯೆ ಬೇಗನೆ ಬಳಕೆ ತಪ್ಪಿತು. ಆ ಒಂಬತ್ತು ಮಂದಿಯ ಎದೆಯ ಗಾಯದಿಂದ ಎಷ್ಟು ಸಾವಿರ ಎದೆಗಳು ಕತ್ತಿಯಿಂದ ಉಳಿದುವೆಂಬುದನ್ನು ಲೆಕ್ಕ ಹಾಕಿದವರಿಲ್ಲ.

ಹಾಗೆಂದು ಫಲದಿಂದಲೇ ಧರ್ಮವನ್ನು ನಿರ್ಣಯಿಸಿದರೆ ಸಾಲದು. ಸಿಯಾಟಲಿನ ರೋಗಿಗಳಿಗೆ ಇದೊಂದು ಶಸ್ತ್ರಕ್ರಿಯೆಯ ಪರೀಕ್ಷೆ ಎಂದಷ್ಟೇ ಹೇಳಿದ್ದರು; ನಿಮ್ಮಲ್ಲಿ ಕೆಲವರಿಗೆ ಬರಿಯ ಚರ್ಮವನ್ನು ಕೊಯ್ಯುತ್ತೇವೆಂದು ಹೇಳಿರಲಿಲ್ಲ. ಇಲ್ಲಿ ನಮ್ಮ ವಕೀಲರ ಮಾತು ನಿಲ್ಲುತ್ತದೆ. ಇದು ಕಪಟವೇ ಸರಿ. ಕುರುಕ್ಷೇತ್ರದಲ್ಲಿ ಧರ್ಮರಾಯನು ಅಶ್ವತ್ಥಾಮನೆಂಬ ಆನೆಯ ಸಾವನ್ನು ದ್ರೋಣನಿಗೆ ಮಗನ ಸಾವೆಂದು ತೋರುವಂತೆ ನುಡಿದನು. ಮಾತಿನ ಅಕ್ಷರದಲ್ಲಿ ಸುಳ್ಳಿರಲಿಲ್ಲ. ಕೇಳುವವನ ನಂಬಿಕೆಯನ್ನು ಅವನಿಗರಿಯದಂತೆ ಬಳಸಿಕೊಂಡದ್ದರಲ್ಲಿತ್ತು ಸುಳ್ಳು. ಭೂಮಿಯಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥವು ಆ ಕ್ಷಣ ನೆಲಕ್ಕಿಳಿಯಿತೆಂದು ವ್ಯಾಸರು ಹೇಳಿದ್ದು ಸುಮ್ಮನಲ್ಲ.

ಈಗ ಇನ್ನೊಂದು ಪರೀಕ್ಷೆಯನ್ನು ನೋಡಬೇಕು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮೊಣಕಾಲಿನ ಸವೆತಕ್ಕೆ ದುರ್ಬೀನಿನ ಮೂಲಕ ಮಾಡುವ ಶಸ್ತ್ರಕ್ರಿಯೆಯನ್ನು ಪರೀಕ್ಷಿಸಿ ೨೦೦೨ರಲ್ಲಿ ಪ್ರಕಟಿಸಿದರು. ಹುಸಿಗುಂಪಿನವರ ಮೊಣಕಾಲಿನ ಚರ್ಮವನ್ನು ಕೊಯ್ದು, ಸಲಕರಣೆಗಳನ್ನು ಕೇಳಿ ಪಡೆದು, ಕೀಲು ತೊಳೆಯುವ ಸದ್ದಾಗಲೆಂದು ನೀರನ್ನು ಕೂಡ ಚೆಲ್ಲಿದರು. ನಾಟಕವು ಸಿಯಾಟಲಿಗಿಂತ ದೊಡ್ಡದು. ಆದರೆ ಪರೀಕ್ಷೆಗೆ ಸೇರುವ ಪ್ರತಿಯೊಬ್ಬನೂ, ತನಗೆ ಹುಸಿ ಶಸ್ತ್ರಕ್ರಿಯೆ ಮಾತ್ರವೇ ಆಗಬಹುದು, ಆದರೆ ಅದರಿಂದ ತನ್ನ ಮೊಣಕಾಲಿಗೆ ಗುಣವಾಗದು ಎಂಬುದನ್ನು ಸ್ವಹಸ್ತದಿಂದ ತನ್ನ ಚಿಕಿತ್ಸೆಯ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಅರ್ಹರಾಗಿದ್ದ ೩೨೪ ಮಂದಿಯಲ್ಲಿ ೧೪೪ ಮಂದಿ ಒಲ್ಲೆವೆಂದು ಹೋದರು. ೧೮೦ ಮಂದಿ ಒಪ್ಪಿದರು. ಎರಡು ವರ್ಷ ನೋಡಿದರೂ ನಿಜವಾದ ಶಸ್ತ್ರಕ್ರಿಯೆಯು ಹುಸಿಯದಕ್ಕಿಂತ ಮೇಲೆಂದು ಕಂಡುಬರಲಿಲ್ಲ. ನನಗೆ ಫಲಿತಾಂಶಕ್ಕಿಂತ ಆ ೧೪೪ರ ಸಂಖ್ಯೆಯೇ ಹೆಚ್ಚು ಸಮಾಧಾನವನ್ನು ಕೊಡುತ್ತದೆ. ಇಷ್ಟು ಮಂದಿ ಒಲ್ಲೆನೆಂದದ್ದರಿಂದ ಉಳಿದವರ ಒಪ್ಪಿಗೆಯೂ ತಿಳಿದು ಕೊಟ್ಟದ್ದೆಂದು ನಂಬಬಹುದಾಗಿದೆ. ದ್ರೋಣನನ್ನು ಯಾರೂ "ನಾನು ಆಡುವ ಮಾತುಗಳಲ್ಲಿ ಒಂದು ಹೀಗಿರಬಹುದು, ಒಪ್ಪಿಗೆಯೇ?" ಎಂದು ಕೇಳಿರಲಿಲ್ಲ. ಹ್ಯೂಸ್ಟನಿನ ರೋಗಿಯನ್ನು ಕೇಳಿದ್ದರು. ನಾಟಕವೆಂದು ತಿಳಿದು ಚೀಟಿ ಕೊಂಡು ಕುಳಿತವನ ಮುಂದೆ ರಾಜನ ವೇಷ ಹಾಕಿದವನು ಮೋಸಗಾರನಾಗುವುದಿಲ್ಲ. ಯಾವ ಗುಂಪೆಂಬುದನ್ನು ಸ್ವಲ್ಪ ಕಾಲ ಮುಚ್ಚಿಡುವುದು ಗೋಪನ. ಇಬ್ಬರೂ ಒಡಂಬಟ್ಟು ಮಾಡಿಕೊಂಡ ಗೋಪನ. ಅದಕ್ಕೂ ಅಸತ್ಯಕ್ಕೂ ಭೇದವುಂಟು.

ಪ್ರತಿಯಾಗಿ, ವ್ಯತಿರೇಕವನ್ನು ನೋಡದೆಯೇ ನೂರಕ್ಕೆ ನೂರು ಗುಣವೆಂದು ಹೇಳಿ, ಹಣವನ್ನು ಎಣಿಸಿಕೊಂಡು, ರೆಪ್ಪೆಗೆ ತಂತಿ ತೂರಿಸುವವನ ಸತ್ಯ ಎಂತಹದು? ಅವನ ಕೈ ನಿಜವಾಗಿಯೇ ಕೆಲಸ ಮಾಡಿತು; ಅವನ ಮಾತಿಗೆ ಮಾತ್ರ ಆಧಾರವಿಲ್ಲ. ತಿಳಿಯದ್ದನ್ನು ತಿಳಿದಂತೆ ನುಡಿಯುವ ಸುಳ್ಳು ಲೋಕದಲ್ಲಿ ಬಹಳ ಮರ್ಯಾದೆಯಿಂದ ಓಡಾಡುತ್ತಿದೆ. ನಮ್ಮ ಉಪಾಧ್ಯಾಯ ವೃತ್ತಿಯಲ್ಲಿಯೂ ಅದಕ್ಕೆ ಕೊರತೆಯಿಲ್ಲವೆನ್ನಿ.

ಇಷ್ಟರಿಂದ ಸತ್ಯದ ಪ್ರಶ್ನೆ ತೀರಿದರೂ ಹಿಂಸೆಯ ಪ್ರಶ್ನೆ ಉಳಿಯಿತು. ಹುಸಿಗುಂಪಿನವನು ತನಗೆ ಪ್ರಯೋಜನವಿಲ್ಲದ ಕ್ಲೇಶವನ್ನು ಪಡುತ್ತಾನೆ. ಕ್ಲೇಶಕ್ಕೆ ಮಿತಿ ಎಲ್ಲಿ? ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಮದ್ದನ್ನು ಪರೀಕ್ಷಿಸಿ ೧೯೪೮ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ವಿದ್ವಾಂಸರ ನಡೆ ಇಲ್ಲಿ ಮನನೀಯವಾಗಿದೆ. ೧೦೭ ರೋಗಿಗಳಲ್ಲಿ ೫೫ ಮಂದಿಗೆ ಹೊಸ ಮದ್ದು, ೫೨ ಮಂದಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಮದ್ದು ದೇಶದಲ್ಲಿಯೇ ವಿರಳವಾಗಿದ್ದುದರಿಂದ ಯಾರಿಗೆಂದು ಚೀಟಿಯೆತ್ತಿದ್ದರಲ್ಲಿ ಅನ್ಯಾಯವಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ನಾಲ್ವರು, ಎರಡನೆಯದರಲ್ಲಿ ಹದಿನಾಲ್ವರು ತೀರಿಕೊಂಡರು. ಎರಡನೆಯ ಗುಂಪಿನವರಿಗೆ ತಿಂಗಳುಗಟ್ಟಲೆ, ದಿನಕ್ಕೆ ನಾಲ್ಕು ಬಾರಿ, ಹುಸಿಸೂಜಿ ಚುಚ್ಚುವುದನ್ನು ಅವರು ಬೇಡವೆಂದು ಬಿಟ್ಟರು. ಸಾವಿಗೂ ಎಕ್ಸ್‌ರೇ ಚಿತ್ರಕ್ಕೂ ನಂಬಿಕೆಯ ಹಂಗಿಲ್ಲ. ನಾಟಕವಿಲ್ಲದೆಯೇ ಅಲ್ಲಿ ವ್ಯತಿರೇಕವು ಕಾಣುತ್ತಿತ್ತು. ರೆಪ್ಪೆಯ ಉರಿ ಹಾಗಲ್ಲ. ಆದುದರಿಂದ ಮಾತಿನ ಸಾಕ್ಷಿಯೊಂದೇ ಇರುವಲ್ಲಿ ಮಾತ್ರ ಹುಸಿಗೆ ಎಡೆ, ಅದೂ ಅಂಚಿಗೆ ತಂತಿ ತಾಗಿಸುವಷ್ಟು, ಎದೆಯನ್ನು ಕೊಯ್ಯುವಷ್ಟಲ್ಲ. ವೈದ್ಯರು ೧೯೬೪ರಲ್ಲಿ ಹೆಲ್ಸಿಂಕಿಯಲ್ಲಿ ಮಾಡಿಕೊಂಡು ಹಲವು ಸಲ ತಿದ್ದಿದ ಘೋಷಣೆಯೂ ಈ ಜಾಡಿನಲ್ಲಿಯೇ ಇದೆ. ಶಾಖ, ತೀಡುವಿಕೆ, ಹನಿ ಮೊದಲಾದ ಸಿದ್ಧೋಪಚಾರಗಳನ್ನು ಹುಸಿಗುಂಪಿನವರಿಗೂ ತಪ್ಪಿಸಬಾರದು. ಇದರ ಮೇಲೆ, ಏಷಣದಿಂದ ಲಾಭವೆಂದು ತೋರಿದರೆ ಅವರಿಗೆ ಅದನ್ನು ಬಿಟ್ಟಿಯಾಗಿ ಮಾಡುವುದು ಋಣವೇ ಹೊರತು ಉಪಕಾರವಲ್ಲವೆಂದು ನನ್ನ ಮತ.

ಮನುಷ್ಯನಿಗೆ ಕಣ್ಣು ಎರಡಿರುವುದರಿಂದ ಇಲ್ಲಿ ಇನ್ನೊಂದು ಸೌಲಭ್ಯವುಂಟು. ಚೀಟಿಯೆತ್ತಿ ಒಂದು ಕಣ್ಣಿಗೆ ನಿಜ, ಇನ್ನೊಂದಕ್ಕೆ ಹುಸಿ ಮಾಡಿದರೆ, ತೀರ ಬರಿಗೈಯಲ್ಲಿ ಹಿಂದಿರುಗುವವನು ಯಾರೂ ಇಲ್ಲ. ಕೇಳುವುದಕ್ಕೆ ಬಹಳ ನ್ಯಾಯವಾಗಿದೆ. ತೊಡಕೂ ಇದೆ. ಮುಚ್ಚಿದ ನಾಳದೊಳಗೆ ತಂತಿ ಇಳಿಯುವಾಗ ಕೆಲವು ವೇಳೆ ಫಟ್ಟೆಂದು ಬಿಟ್ಟಂತಾಗುವುದು. ಗ್ರಂಥಿಯ ಬಾಯಲ್ಲಿ ಚುಕ್ಕೆಯಷ್ಟು ರಕ್ತ ಕಾಣುವುದು. ಪಕ್ಕದ ಕಣ್ಣಿನೊಡನೆ ಹೋಲಿಸಿ ನೋಡುವ ರೋಗಿಗೆ ಗುಟ್ಟು ರಟ್ಟಾಗದೆ ಇರುವುದು ಕಷ್ಟ. ಅದಕ್ಕಾಗಿ ತಂತಿ ಹಿಡಿದ ವೈದ್ಯನೇ ಅನಂತರ ಫಲವನ್ನು ಅಳೆಯಕೂಡದು. ಯಾವ ಕಣ್ಣಿಗೆ ಏನಾಯಿತೆಂದು ಅರಿಯದ ಇನ್ನೊಬ್ಬನು ಅಳೆಯಬೇಕು. ೨೦೨೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಣ್ಣುಗಳನ್ನು ಬೇರ್ಪಡಿಸದೆ ರೋಗಿಗಳನ್ನೇ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹುಸಿ ಏಷಣವನ್ನು ಮಾಡಿ ನೋಡಿದರು. ಮೊದಲ ವರದಿಯ ಇಪ್ಪತ್ತೈದಕ್ಕೆ ಇಪ್ಪತ್ತೈದೆಂಬ ನಿಚ್ಚಳವಾದ ಜಯವು ಅಲ್ಲಿ ಕೇಳಿಬರಲಿಲ್ಲ.

ಇನ್ನು ಒಪ್ಪಿಗೆಯ ವಿಷಯ. ಇಡೀ ಧರ್ಮದ ಭಾರವನ್ನು ನಾನು ಇದರ ಮೇಲೆ ಹೊರಿಸಿದ್ದೇನಾದುದರಿಂದ ಇದನ್ನು ಬಿಗಿಯಾಗಿಯೇ ನೋಡಬೇಕು. ಹುಸಿಗುಂಪಿಗೆ ಸೇರಬಹುದೆಂದು ತಿಳಿದು ಒಪ್ಪುವವನು ಮುಂದಿನ ರೋಗಿಗಳಿಗೆ ಒಂದು ದಾನವನ್ನು ಮಾಡುತ್ತಾನೆ. ದಾನವಾಗಬೇಕಾದರೆ ಕೊಡದೆ ಇರುವ ಸ್ವಾತಂತ್ರ್ಯವೂ ಕೊಡುವವನಿಗಿರಬೇಕು. ರೋಗಿಯಾದರೋ ಆರ್ತನು. ವರ್ಷಗಟ್ಟಲೆ ಉರಿದ ಕಣ್ಣನ್ನು ಹೊತ್ತು, ಹಳ್ಳಿಯಿಂದ ಬಸ್ಸು ಹತ್ತಿ ಬಂದು, ದೊಡ್ಡ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವನಿಗೆ "ಒಪ್ಪುತ್ತೀರಾ?" ಎಂಬ ಪ್ರಶ್ನೆಯು ಅಪ್ಪಣೆಯಂತೆಯೇ ಕೇಳಿಸುವುದು. ಒಲ್ಲೆನೆಂದರೆ ಡಾಕ್ಟರರು ಮುನಿದಾರೆಂಬ ಭಯ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೧೭ರಲ್ಲಿ ಹೊರಡಿಸಿದ ನೀತಿಸೂತ್ರಗಳಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಓದು ಬಾರದವನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನಿರಬೇಕು ಎಂದು ವಿಧಿಸಿದೆ. ವಿಧಿ ಒಳ್ಳೆಯದೇ. ತಿಳಿಯುವ ಭಾಷೆ ಯಾವುದೆಂಬುದೇ ಪ್ರಶ್ನೆ.

ಇಂತಹ ಒಂದು ಒಪ್ಪಿಗೆಯ ಪತ್ರವು ಕನ್ನಡದಲ್ಲಿ ಅಚ್ಚಾಗಿದ್ದುದನ್ನು ನಾನು ಓದಿದ್ದೇನೆ. ಯಾವ ಸಂಸ್ಥೆಯದೆಂದು ಹೇಳಬೇಕಾದ್ದಿಲ್ಲ. ಅದರಲ್ಲಿ "ಯಾದೃಚ್ಛಿಕೀಕರಣ"ವೆಂದಿತ್ತು. ನಲವತ್ತು ವರ್ಷ ವ್ಯಾಕರಣ ಹೇಳಿದ ನನಗೇ ಆ ಶಬ್ದದ ಎದುರಿಗೆ ಒಂದು ಗಳಿಗೆ ನಿಲ್ಲಬೇಕಾಯಿತು. ಚೀಟಿ ಎತ್ತುವುದು ಎಂದರೆ ನಮ್ಮ ಯಾವ ಹೆಣ್ಣುಮಗಳಿಗೆ ತಿಳಿಯದು? "ನಿಯಂತ್ರಿತ ಗುಂಪು" ಎಂದಿತ್ತು. ಯಾರನ್ನೋ ಕಟ್ಟಿಹಾಕಿದಂತೆ ಕೇಳಿಸುವುದೇ ಹೊರತು, ತಂತಿ ಒಳಗೆ ಹೋಗದ ಗುಂಪೆಂದು ಯಾರಿಗೂ ಹೊಳೆಯದು. ಸಂಸ್ಕೃತವನ್ನು ಪ್ರೀತಿಸುವವನಾಗಿಯೇ ಹೇಳುತ್ತೇನೆ: ರೋಗಿಯನ್ನು ಕತ್ತಲಲ್ಲಿಡಲು ದೇವಭಾಷೆಯನ್ನು ತೆರೆಯಂತೆ ಬಳಸುವುದು ಆ ಭಾಷೆಗೂ ಅಪಚಾರ. ನಾಲ್ಕು ಪುಟದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಸಿಯಾಟಲಿನ ದೋಷವು ಹೋಗಿ ಹ್ಯೂಸ್ಟನಿನ ಗುಣವು ಬರುವುದಿಲ್ಲ.

ಹೇಳಬೇಕಾದದ್ದು ಬಹಳವೇನೂ ಇಲ್ಲ. "ಈ ಚಿಕಿತ್ಸೆಯಿಂದ ಗುಣವಾಗುತ್ತದೆಯೋ ಇಲ್ಲವೋ ನಮಗೇ ಇನ್ನೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಚೀಟಿ ಎತ್ತುತ್ತೇವೆ. ಚೀಟಿಯಲ್ಲಿ ಬಂದಂತೆ ನಿಮ್ಮ ರೆಪ್ಪೆಯೊಳಗೆ ತಂತಿ ಹೋಗಬಹುದು, ಹೋಗದೆ ಇರಬಹುದು. ಯಾವುದೆಂದು ಇಷ್ಟು ತಿಂಗಳು ಹೇಳುವುದಿಲ್ಲ, ಆಮೇಲೆ ಹೇಳುತ್ತೇವೆ. ನೀವು ಒಲ್ಲೆನೆಂದರೆ ಈಗಿನ ಔಷಧವೂ ಆದರವೂ ಹೀಗೆಯೇ ನಡೆಯುತ್ತವೆ." ಇಷ್ಟನ್ನು ಹೇಳಿದ ಮೇಲೆ ಒಂದು ದಿನ ಬಿಟ್ಟು, ಮನೆಯವರೊಡನೆ ಮಾತನಾಡಿಕೊಂಡು ಬರಲು ಕಳುಹಿಸಬೇಕು. ಮರಳಿ ಬಂದಾಗ ಅಕ್ಷರ ಬಲ್ಲವನು ತನ್ನ ಕೈಯಿಂದ, ತನ್ನದೇ ಮಾತಿನಲ್ಲಿ, ತಾನು ಒಪ್ಪಿದ್ದು ಏನೆಂದು ಒಂದು ವಾಕ್ಯ ಬರೆಯಲಿ. ಬಾರದವಳು, ಆಸ್ಪತ್ರೆಯ ಸಂಬಳ ತಿನ್ನದ ಒಬ್ಬರ ಮುಂದೆ, ಬಾಯಲ್ಲಿ ಹೇಳಲಿ. "ತಂತಿ ಹಾಕಿದರೂ ಹಾಕಬಹುದು, ಸುಮ್ಮನೆ ಮುಟ್ಟಿ ಬಿಟ್ಟರೂ ಬಿಡಬಹುದು, ಆಯ್ತು ಬಿಡಪ್ಪ" ಎಂದು ಆಕೆ ನುಡಿದರೆ ವೈದ್ಯನು ಅರಿವಳಿಕೆಯ ಮದ್ದನ್ನು ತೆಗೆಯಬಹುದು. "ಡಾಕ್ಟರು ಏನೋ ಒಳ್ಳೆಯದು ಮಾಡ್ತಾರಂತೆ" ಎಂದಳಾದರೆ ಆಕೆಗೆ ಇನ್ನೂ ತಿಳಿದಿಲ್ಲ. ಮತ್ತೆ ಮೊದಲಿನಿಂದ ಹೇಳಬೇಕು.